ಸರ್ ಮಾತು ಬಿಟ್ಟ ಹುಡುಗಿ

ಕಣ್ಣು ಮುಚ್ಚಿಕೊಳ್ಳಿ ಅಂದರು ಶಶಿಕಲಾ ಮೇಡಂ. ಬೀದರಿನ ಆ ಸರಕಾರಿ ಸಭಾಂಗಣದಲ್ಲಿ ತರಬೇತಿಗೆಂದು ಬಂದು ಕೂತಿದ್ದ ಜಿಲ್ಲೆಯ ಪಿ.ಟಿ. ಮಾಸ್ತರರೆಲ್ಲ ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಹಲ್ಲು ಕಿರಿದರು, ಆಮೇಲೆ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಕಣ್ಣು ಮುಚ್ಚಿದರು. ಬಿಸಿಲಲ್ಲಿ ಸೀಟಿ ಊದಿ ಊದಿ ಗಂಟಲು ಒರಟಾದ ಗಂಡಸರು ಹೀಗೆ ಸಾಲಾಗಿ, ಬೈಸಿಕೊಂಡ ಮಕ್ಕಳ ಹಾಗೆ ಕೂತದ್ದು ನೋಡಿದರೆ ಯಾರಿಗಾದರೂ ನಗು ಬರಬೇಕು. ಗೋರಖನಾಥನಿಗೆ ಬರಲಿಲ್ಲ. ಅವನು ಕಣ್ಣು ಮುಚ್ಚಲೂ ಇಲ್ಲ. ಮುಚ್ಚಿದರೆ ಏನು ಕಾಣುತ್ತದೆ ಅಂತ ಅವನಿಗೆ ಗೊತ್ತಿತ್ತು; ಅದನ್ನು ಕಾಣದಿರಲಿಕ್ಕೆಂದೇ ಈಚೆಗೆ ಅವನು ಹಾಸಿಗೆಯಲ್ಲೂ ಕಣ್ಣು ತೆರೆದೇ ಮಲಗುತ್ತಾನೆ. ಎದುರಿನ ಪರದೆಯ ಮೇಲೆ 'ತರಬೇತುದಾರರಿಗೆ ಭಾವನಾತ್ಮಕ ಬುದ್ಧಿವಂತಿಕೆ' ಅಂತ ದಪ್ಪ ಅಕ್ಷರದಲ್ಲಿತ್ತು. ಅದನ್ನೇ ಮತ್ತೆ ಮತ್ತೆ ಓದುತ್ತ ಕೂತ. "ನಿಮ್ಮ ತಂಡದ ಒಂದು ಮಗುವಿನ ಮುಖ ನೆನಪು ಮಾಡ್ಕೊಳ್ಳಿ," ಅನ್ನುತ್ತಿದ್ದರು ಮೇಡಂ, ಕೂಸನ್ನು ಮಲಗಿಸುವ ದನಿಯಲ್ಲಿ. "ಆ ಮಗು ನಿಮ್ಮೆದುರಿಗೆ ಬಂದು ನಿಂತದ. ಏನೋ ಹೇಳಬೇಕಾಗ್ಯದ ಅದಕ್ಕ. ನೀವು ಏನು ಕೇಳ್ತೀರಿ?"

ಬಂದು ನಿಂತಿದ್ದಳಲ್ಲ! ಭಾಲ್ಕಿಯ ಸಾಲೆಯ ಮೈದಾನದಲ್ಲಿ, ಜಿಲ್ಲಾ ಫೈನಲ್ಲಿಗೆ ಬೀದರಿಗೆ ಹೊರಡುವ ಹಿಂದಿನ ಸಂಜೆ, ಅವನು ಬಗ್ಗಿಕೊಂಡು ಖೋಖೋ ಅಂಕಣದ ಗೆರೆಗೆ ಸುಣ್ಣ ಹಾಕುತ್ತಿದ್ದಾಗ ವಿಶಾಖಾ ಬಂದು ಎದುರಿಗೆ ನಿಂತಿದ್ದಳು. ಬಗ್ಗಿದವನಿಗೆ ಮೊದಲು ಕಂಡದ್ದು ಅವಳ ಕಾಲು. ಭಾರವೆಲ್ಲ ಎಡಗಾಲಿನ ಮೇಲೆ ಹಾಕಿ ಬಲಗಾಲಿನ ಬೆರಳಷ್ಟೇ ನೆಲಕ್ಕೆ ತಾಗಿಸಿದ್ದಳು. ಬಲ ಮಂಡಿ ಊದಿತ್ತು. ಅವನು ನೋಡಿದ. ಇಲ್ಲ, ನೋಡಲಿಲ್ಲ, ಕತ್ತಲಾಗಿತ್ತು ಅಂತ ಈ ಮೂರು ತಿಂಗಳಲ್ಲಿ ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ, ಒಂದು ಸಲವೂ ನಂಬಲಿಕ್ಕೆ ಆಗಿಲ್ಲ. ಹಾಳಾದ ಬೆಳಕು ಚೆನ್ನಾಗಿಯೇ ಇತ್ತು. ಸುಣ್ಣದ ಡಬ್ಬಿ ಕೆಳಗಿಡದೆ, ತಲೆಯೆತ್ತದೆ, ಅವನು ಕಂಬದ ಹತ್ತಿರ ನಿಂತಿದ್ದ ತಂಡದ ನಾಯಕಿಯನ್ನು ಕೂಗಿದ: "ಏ ಪ್ರಣಿತಾ, ಏನಂತ ಕೇಳ ಅಕಿಗಿ." ಪ್ರಣಿತಾ ಓಡಿಬಂದು ಕೇಳಿದಳು: "ವಿಶಾಖಾ, ಏನಂತ ಕೇಳ್ಲತಾರ ಸರ್." ವಿಶಾಖಾ ಅವನು ಹಾಕುತ್ತಿದ್ದ ಗೆರೆಯನ್ನು ನೋಡಿದಳು. ಆಮೇಲೆ, "ಏನಿಲ್ಲಂತ ಹೇಳು," ಅಂದಳು. "ಏನಿಲ್ಲಂತ್ರಿ ಸರ್," ಅಂದಳು ಪ್ರಣಿತಾ. ಮೂವರೂ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದರು. ವಿಶಾಖಾ ತಿರುಗಿ ಹೋದಳು, ಕುಂಟುವುದು ಯಾರಿಗೂ ಕಾಣಬಾರದೆಂದು ಬಹಳ ನೆಟ್ಟಗೆ ನಡೆದುಕೊಂಡು ಹೋದಳು, ಅವನು ಗೆರೆ ಮುಗಿಸಿದ.

ಇದನ್ನು ಹೊರಗಿನವರ ಮುಂದೆ ಹೇಳಿದರೆ ಇವನಿಗೆ ತಲೆ ಕೆಟ್ಟಿದೆ ಅಂತಾರೆ. ಆದರೆ ಮಾತು ಬಿಡುವುದು ಅಂದರೆ ಭಾಲ್ಕಿಯ ಆ ಮೈದಾನದಲ್ಲಿ ಶಿಕ್ಷೆಯಲ್ಲ, ದೊಡ್ಡ ಮರ್ಯಾದೆ. ಪ್ರತಿ ವರ್ಷ ಜಿಲ್ಲಾ ಪಂದ್ಯಕ್ಕೆ ಮುಂಚೆ ಗೋರಖನಾಥ ಸರ್ ತಂಡದ ಒಬ್ಬ ಹುಡುಗಿಯ ಸಂಗಡ ಮಾತು ಬಿಡುತ್ತಾರೆ; ಈ ಸಲ ಅದು ವಿಶಾಖಾ. ಮೊದಲೇ ಹೇಳುವುದು ಕೇಳುವುದು ಏನೂ ಇಲ್ಲ. ಒಂದು ಮುಂಜಾನೆ ಎಲ್ಲರ ಹೆಸರೂ ಕೂಗುತ್ತಾರೆ, ಅವಳೊಬ್ಬಳದನ್ನು ಬಿಟ್ಟು. ಆಗ ಉಳಿದವರೆಲ್ಲ ಓ ಅಂತ ಕಿರುಚಿ ಅವಳನ್ನು ಅಪ್ಪಿಕೊಳ್ಳುತ್ತಾರೆ, ಯಾಕೆಂದರೆ ಸರ್ ಈ ವರ್ಷ ನಂಬಿದ್ದು ಅವಳನ್ನೇ. ಅವಳ ಮನೆಯಲ್ಲಿ ಅವತ್ತು ಶಿರಾ ಮಾಡುತ್ತಾರೆ, ಅವಳಪ್ಪ ಬಜಾರದಲ್ಲಿ ನಾಲ್ಕು ಮಂದಿಗೆ ಹೇಳುತ್ತಾನೆ. ಮಳೆಗಾಲ ಶುರುವಾದಾಗಿನಿಂದ ಹುಡುಗಿಯರ ಬಾಯಲ್ಲಿ ಅದೇ ಮಾತು, ಈ ವರ್ಷ ಸರ್ ಯಾರ ಸಂಗಟ ಮಾತು ಬಿಡ್ತಾರ, ಯಾರ ಸಂಗಟ ಬಿಡ್ತಾರ. ಅಲ್ಲಿಂದ ಮುಂದೆ ಫೈನಲ್ ಮುಗಿಯುವ ತನಕ ಅವಳಿಗೆ ಏನು ಹೇಳಬೇಕಾದರೂ ಇನ್ನೊಬ್ಬಳ ಬಾಯಿಂದಲೇ. ಒಂದು ಮಾತಿಗೆ ಹಸಿದ ಆ ಹುಡುಗಿ ಮೈಮೇಲೆ ಬಂದವಳಂತೆ ಓಡುತ್ತಾಳೆ. ಗೆದ್ದ ಮೇಲೆ, ಎಲ್ಲರೆದುರು, ಸರ್ ಅವಳ ಹೆಸರು ಹಿಡಿದು ಕರೆಯುತ್ತಾರೆ, ಅವಳು ಬಂದು ತಲೆ ಬಗ್ಗಿಸುತ್ತಾಳೆ, ಸರ್ ತಲೆಯ ಮೇಲೆ ಕೈ ಇಡುತ್ತಾರೆ. ಅಷ್ಟೇ. ಗೋರಖನಾಥನಿಗೂ ಅದನ್ನು ಕಲಿಸಿದ್ದು ಅವನ ಉಸ್ತಾದರು, ತೀರಿಹೋದ ಹಾವಗೆಪ್ಪ ಮಾಸ್ತರರು. ಒಂದು ಇಡೀ ಹಂಗಾಮು ಅವನನ್ನು ಕಣ್ಣೆತ್ತಿಯೂ ನೋಡದೆ, ಕಮಲನಗರದಲ್ಲಿ ಗೆದ್ದ ದಿನ, ಸುಣ್ಣ ತಂಬಾಕಿನ ವಾಸನೆಯ ಕೈಯನ್ನು ಅವನ ತಲೆಯ ಮೇಲೆ ಇಟ್ಟಿದ್ದರು. ಹೆತ್ತಪ್ಪ ಕೂಡ ಇಡದಿದ್ದ ಕೈ. ಅದರ ಭಾರ ಈಗಲೂ ನೆತ್ತಿಯ ಮೇಲಿದೆ, ಅದು ಒಳ್ಳೆಯದೋ ಕೆಟ್ಟದ್ದೋ ಅಂತ ಅವನು ಈ ಮೂರು ತಿಂಗಳ ಹಿಂದಿನವರೆಗೆ ಯೋಚಿಸಿದವನೇ ಅಲ್ಲ.

"ಇಲ್ಲಿ ಭಾಲ್ಕಿ ಗೋರಖನಾಥ ಸರ್ ಯಾರ್ರಿ?" ಮೇಡಂ ಕೇಳುತ್ತಿದ್ದರು. ಎಲ್ಲರೂ ಕಣ್ಣು ತೆರೆದಿದ್ದರು. ಪಕ್ಕದಲ್ಲಿದ್ದ ಗೌಸೋದ್ದೀನ, ಕಮಲನಗರದ ಪಿ.ಟಿ. ಮಾಸ್ತರ, ಹಳೆಯ ಗೆಳೆಯ, ಮೊಣಕೈಯಿಂದ ತಿವಿದ: "ಏಳೋ ಉಸ್ತಾದ." ಗೋರಖನಾಥ ಎದ್ದ. ಇಷ್ಟು ವರ್ಷದಿಂದ ಜಿಲ್ಲೆಯ ಖೋಖೋ ಕಪ್ಪು ನಿಮ್ಮ ಹುಡುಗಿಯರ ಕೈಯಲ್ಲೇ ಇದೆಯಂತಲ್ಲ, ನೀವು ತಂಡವನ್ನು ಹ್ಯಾಗೆ ನಡೆಸುತ್ತೀರಿ, ನಮಗೂ ಒಂದಿಷ್ಟು ಹೇಳಿ ಅಂದರು ಮೇಡಂ. ಅವನು ಬಾಯಿ ತೆರೆಯುವುದರೊಳಗೆ ಹಿಂದಿನ ಸಾಲಿನಿಂದ ಯಾರೋ, "ಅವ್ರು ಮಾತು ಬಿಟ್ಟು ಕಪ್ ಹೊಡೀತಾರ್ರಿ ಮೇಡಂ!" ಅಂದ. ಇಡೀ ಸಭಾಂಗಣ ನಕ್ಕಿತು. ಮೇಡಂ ನಗಲಿಲ್ಲ, ಪಾಪ, ಆಸಕ್ತಿಯಿಂದ ಕೇಳಿದರು, ಮಾತು ಬಿಡೋದು ಅಂದ್ರೆ ಹ್ಯಾಗೆ? ಗೋರಖನಾಥ ಕುರ್ಚಿಯ ಬೆನ್ನು ಹಿಡಿದುಕೊಂಡು, "ಏಕಾಗ್ರತೆ ರೀ. ಪೋರಿಗೋಳು ಆಟದ ಮ್ಯಾಲ ಮನಸ್ಸಿಡಲಿ ಅಂತ," ಅಂದ. ಮೇಡಂ ತಿರುಗಿ ಬಿಳಿ ಹಲಗೆಯ ಮೇಲೆ ನೀಲಿ ಪೆನ್ನಿನಿಂದ 'ಮೌನದ ನಾಯಕತ್ವ' ಅಂತ ಬರೆದರು. ಚಪ್ಪಾಳೆ ಬಿತ್ತು. ಅವನ ಕಿವಿ ಬಿಸಿಯಾಯಿತು, ಬೈದಿದ್ದರೂ ಇಷ್ಟು ಆಗುತ್ತಿರಲಿಲ್ಲ. ಇನ್ನೇನು ಕೂರಬೇಕು, ಮೇಡಂ ಮತ್ತೆ ಕೇಳಿದರು, ಕೆಣಕಲಿಕ್ಕಲ್ಲ, ತಿಳಿದುಕೊಳ್ಳಲಿಕ್ಕೆಂದೇ ಕೇಳಿದರು: "ಮಾತು ಬಿಟ್ಟಾಗ ಆ ಮಗುಗ ಏನರ ಬ್ಯಾನಿ ಆದ್ರ ನಿಮಗ ಹ್ಯಾಂಗ ಗೊತ್ತಾಗ್ತದ ಸರ್?" ಗೋರಖನಾಥ, "ಗೊತ್ತಾಗ್ತದ್ರಿ," ಅಂದು ಕೂತ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಚಹಾದ ಹೊತ್ತಿಗೆ ಹೊರಗೆ ಬೇವಿನ ಮರದ ಕೆಳಗೆ ಗೌಸೋದ್ದೀನ ಅವನನ್ನು ಹಿಡಿದ. ಕೈಯಲ್ಲಿ ಎರಡು ಕಾಗದದ ಕಪ್ಪು. "ಹೋಗಿ ಬಂದ್ಯಾ ಆ ಪೋರಿ ಮನಿಗಿ?" ಅಂತ ಕೇಳಿದ. ಇಲ್ಲ ಅಂತ ಗೋರಖನಾಥ ತಲೆಯಾಡಿಸಿದ. "ಯಾ ಅಲ್ಲಾ! ಮೂರು ತಿಂಗಳಾತಲ್ಲೋ." "ಏನಂತ ಹೋಗ್ಲಿ, ಗೌಸ್?" "ಏನಂತ ಅಂದ್ರ? ಬಾಯಿ ಅದ, ಕಾಲದಾವ. ಬಸ್ ಅದ. ಮಾಫಿ ಕೇಳ್ಲಾಕ ಮುಹೂರ್ತ ನೋಡ್ತಾರೇನೋ, ದಿವಾನಾ?" ಗೋರಖನಾಥ ಚಹಾ ಕುಡಿಯಲಿಲ್ಲ, ಕಪ್ಪಿನ ಅಂಚನ್ನು ಉಗುರಿನಿಂದ ಹರಿಯುತ್ತ ನಿಂತ. ಮೊದಲನೆಯ ವಾರ ಹೋಗಲಿಕ್ಕೆ ಧೈರ್ಯ ಸಾಲಲಿಲ್ಲ. ಎರಡನೆಯ ವಾರ, ಮೊದಲನೆಯ ವಾರ ಹೋಗಲಿಲ್ಲವಲ್ಲ ಅನ್ನುವ ನಾಚಿಕೆ. ಆಮೇಲೆ ಆ ನಾಚಿಕೆ ಬೆಳೆಯುತ್ತಲೇ ಹೋಯಿತು. ವಿಶಾಖಾಳ ಊರು ಔರಾದಕ್ಕೆ ಹೋಗುವ ಬಸ್ಸು ದಿನವೂ ಅವನ ಸಾಲೆಯ ಮುಂದಿನಿಂದಲೇ ಹೋಗುತ್ತದೆ. ಅದರ ಸದ್ದು ಕೇಳಿದರೆ ಅವನು ಸ್ಟಾಫ್ ರೂಮಿನ ಒಳಗೆ ಸರಿಯುತ್ತಾನೆ. ಇದನ್ನೆಲ್ಲ ಗೌಸೋದ್ದೀನನಿಗೆ ಹೇಳುವುದು ಹ್ಯಾಗೆ? "ಹಾಜರಿ ಸಹಿ ನಂದೂ ಹಾಕಿಬಿಡೋ ಮಧ್ಯಾಹ್ನದ್ದು," ಅಂದ. ಗೌಸೋದ್ದೀನ ಅವನ ಕೈಯಿಂದ ಹರಿದ ಕಪ್ಪು ತೆಗೆದುಕೊಂಡು, "ನಡಿ ನಡಿ," ಅಂದ.

ಬಸ್ಸು ಬೀದರು ದಾಟಿ ಬಯಲಿಗೆ ಬಿದ್ದ ಮೇಲೆ ಎರಡೂ ಕಡೆ ತೊಗರಿ ನಿಂತಿತ್ತು. ಕಿಟಕಿಯ ಪಕ್ಕ ಕೂತ ಗೋರಖನಾಥ ಹೇಳಬೇಕಾದ ಮಾತನ್ನು ಬಾಯೊಳಗೇ ಹೊಂದಿಸುತ್ತಿದ್ದ. ವಿಶಾಖಾ, ತಪ್ಪು ನಂದು. ಮೊದಲು ಇಷ್ಟು. ಆಮೇಲೆ? ಆಮೇಲಿನದು ಬರುತ್ತಿರಲಿಲ್ಲ, ಬರುತ್ತಿದ್ದದ್ದು ಬೀದರಿನ ಕ್ರೀಡಾಂಗಣ. ಅವಳು ಓಡುತ್ತಿದ್ದಾಳೆ, ಅಟ್ಟುವವಳು ಬೆನ್ನಿಗೇ ಇದ್ದಾಳೆ, ವಿಶಾಖಾ ಎಡಕ್ಕೆ ಹೊರಳಿದಂತೆ ಮಾಡಿ ಗಕ್ಕನೆ ಬಲಕ್ಕೆ ತಿರುಗಿದಳು, ಆ ತಿರುವು ಜಿಲ್ಲೆಯಲ್ಲಿ ಇನ್ನೊಬ್ಬಳಿಗೆ ಬರುವುದಿಲ್ಲ, ಅದನ್ನು ಅವಳಿಗೆ ಕಲಿಸಿದ್ದೂ ಅವನೇ. ಮಂಡಿಯ ಸದ್ದು ಗೆರೆಯ ಹೊರಗೆ ನಿಂತ ಅವನಿಗೂ ಕೇಳಿಸಿತು, ಹಸಿ ಕಬ್ಬು ಮುರಿದ ಹಾಗೆ. ಅವಳು ಬಿದ್ದಳು. ಬಿದ್ದವಳು ಅಮ್ಮಾ ಅನ್ನಲಿಲ್ಲ, ಅವನ ಕಡೆ ನೋಡಿದಳು. ಆಗಲಾದರೂ ಹೆಸರು ಹಿಡಿದು ಕರೆಯಬಹುದಿತ್ತಲ್ಲ, ದೇವರೇ! ಬಾಯಿಂದ ಬಂದದ್ದು, "ಪ್ರಣಿತಾ, ಎಬ್ಬಸ್ ಅಕಿಗಿ." ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು, ಇಷ್ಟೇ, ಬೇರೇನೂ ಕಾರಣವಿಲ್ಲ. ಸ್ಟ್ರೆಚರಿನ ಮೇಲೆ ಅವಳನ್ನು ಹೊತ್ತೊಯ್ದ ಮೇಲೆ ಉಳಿದವರು ಅತ್ತುಕೊಂಡೇ ಓಡಿ, ಅತ್ತುಕೊಂಡೇ ಅಟ್ಟಿ, ಗೆದ್ದುಬಿಟ್ಟರು. ಆಸ್ಪತ್ರೆಯ ವರಾಂಡದಲ್ಲಿ ಅವಳಪ್ಪ ಸಂಘಪಾಲ, ಔರಾದದಲ್ಲಿ ಲೈನ್‌ಮನ್ ಆಗಿರುವವನು, ಕಂಬದಿಂದ ಇಳಿದು ಬಂದ ಬಟ್ಟೆಯಲ್ಲೇ ನಿಂತಿದ್ದ. ಅವನು ಬೈದಿದ್ದರೆ ಗೋರಖನಾಥ ಕಾಲು ಹಿಡಿಯುತ್ತಿದ್ದ. ಅವನು ಕೈ ಮುಗಿದು, "ಕಪ್ಪು ನಮ್ಮ ಪೋರಿಂದೇ ಬಂತಂತಲ್ರಿ ಸರ್, ನಿಮ್ಮ ಉಪಕಾರ," ಅಂದ. ಅದನ್ನು ಕೇಳಿ ಗೋರಖನಾಥ ಒಳಗೆ ಹೋಗದೆ ಮೆಟ್ಟಿಲಿಳಿದು ಬಂದಿದ್ದ. ಇನ್ನು ಓಡುವುದು ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದು, ಕ್ರೀಡಾ ಕೋಟಾದಲ್ಲಿ ಪೊಲೀಸ್ ಆಗುತ್ತೇನೆ ಅನ್ನುತ್ತಿದ್ದ ಹುಡುಗಿ ಹಾಸ್ಟೆಲ್ ಬಿಟ್ಟು ಊರಿಗೆ ಹೋದದ್ದು, ಎಲ್ಲ ಬೇರೆಯವರ ಬಾಯಿಂದ ಅವನಿಗೆ ತಿಳಿಯಿತು.

ಔರಾದದಲ್ಲಿ ಇಳಿದು ಬಸ್ ನಿಲ್ದಾಣದ ಎದುರಿಗೆ ಚಿಕ್ಕು ಹಣ್ಣು ಕೊಂಡ. ಕೊಂಡ ಮೇಲೆ ನಾಚಿಕೆಯಾಯಿತು. ಮೂರು ತಿಂಗಳ ನಂತರ ರೋಗಿ ನೋಡಲಿಕ್ಕೆ ಹಣ್ಣು ಹಿಡಿದು ಹೋಗುವ ಮನುಷ್ಯನೂ ಇದ್ದಾನೆಯೇ? ಮನೆ ಹುಡುಕಬೇಕಾಗಲಿಲ್ಲ, ಖೋಖೋ ಪೋರಿ ಮನಿ ಅಂದರೆ ಸಾಕಿತ್ತು. ಬಾಗಿಲಲ್ಲಿ ವಿಶಾಖಾಳ ತಾಯಿ ಕೌಸಲ್ಯಾಬಾಯಿ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಅವನನ್ನು ಕಂಡವಳೇ ಮೊರ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು. "ಜೈ ಭೀಮ್ ಸರ್. ಬರ್ರಿ ಬರ್ರಿ, ಒಳಗ ಬರ್ರಿ. ಎಷ್ಟು ದಿನಕ್ಕ ಬಂದ್ರಿ!" ಆ ಕೊನೆಯ ಮಾತಿನಲ್ಲಿ ಚುಚ್ಚು ಇದೆಯೇನೋ ಅಂತ ಅವನು ಅವಳ ಮುಖದಲ್ಲಿ ಹುಡುಕಿದ. ಇರಲಿಲ್ಲ. ಒಳಗೆ ಬುದ್ಧರ ಮೂರ್ತಿ, ಬಾಬಾಸಾಹೇಬರ ಫೋಟೋ, ಅದರ ಕೆಳಗೆ ಆ ಕಪ್ಪು ಎತ್ತಿಕೊಂಡು ನಿಂತ ತಂಡದ ಫೋಟೋ. ಅದರಲ್ಲಿ ವಿಶಾಖಾ ಇರಲಿಲ್ಲ, ಅವನಿದ್ದ. "ಕೂಡ್ರಿ ಸರ್. ನೀವು ಬಂದೇ ಬರ್ತೀರಂತ ಅಕಿ ದಿನಾ ಅಂತಾಳ್ರಿ. ನಾ ಅಂತಿದ್ದೆ, ಸರ್‌ಗಿ ನೂರಾ ಎಂಟು ಕೆಲಸ ಇರ್ತಾವ, ನಿನ್ನ ಮರ್ತಾರ ಬಿಡು ಅಂತ. ನನಗೇ ಬೈತಾಳ." ಗೋರಖನಾಥ ಕೂಡಲಿಲ್ಲ. "ಎಲ್ಲಿದ್ದಾಳ?" ಅಂದ. "ಹಿಂದ ಬಯಲಾಗ ಅದಾಳ್ರಿ. ಓಣಿ ಪೋರಿಗೋಳಿಗೆಲ್ಲ ಖೋಖೋ ಕಲಸ್ಲತಾಳ, ಕುರ್ಚಿ ಹಾಕ್ಕೊಂಡು. ನೋಡ್ರಿ ಹೋಗಿ, ನಗ್ತೀರಿ. ಥೇಟ್ ನೀವೇ. ನಾ ಚಾ ಇಡ್ತೇನಿ." ಚಿಕ್ಕುವಿನ ಚೀಲ ಯಾರ ಕೈಗೂ ಕೊಡಲಿಕ್ಕೆ ನೆನಪಾಗದೆ ಅದನ್ನು ಹಿಡಿದುಕೊಂಡೇ ಅವನು ಹಿಂದಿನ ಬಾಗಿಲಿಂದ ಹೊರಟ.

ಮನೆಗಳ ಹಿಂದಿನ ಆ ಜಾಗದಲ್ಲಿ ಎರಡು ಬಿದಿರು ನೆಟ್ಟು ಕಂಬ ಮಾಡಿದ್ದರು. ಸುಣ್ಣದ ಬದಲಿಗೆ ಒಲೆಯ ಬೂದಿಯ ಗೆರೆ. ಪುಟ್ಟ ಪುಟ್ಟ ಹುಡುಗಿಯರು ಸಾಲಾಗಿ, ಒಬ್ಬಳು ಆ ಕಡೆ ಒಬ್ಬಳು ಈ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ವಿಶಾಖಾ, ಕೊರಳಲ್ಲಿ ಸೀಟಿ, ಬಲಗಾಲು ಎದುರಿನ ಕಲ್ಲಿನ ಮೇಲೆ ನೀಡಿಕೊಂಡು. ದಪ್ಪಗಾಗಿದ್ದಾಳೆ ಅನ್ನಿಸಿತು ಮೊದಲು. ಓಡುವ ಮಗುವಿನ ಮೈ ನಿಂತುಬಿಟ್ಟರೆ ಹಾಗೆ ಆಗುತ್ತದೆ ಅಂತ ಅವನಿಗೆ ಗೊತ್ತಿದೆ. "ವಿಶಾಖಾ," ಅಂದ. ಅವಳು ತಿರುಗಿದಳು. ಕುರ್ಚಿಯ ಕೈ ಹಿಡಿದು, ಒಂದು ಸಲಕ್ಕೆ ಆಗದೆ, ಎರಡನೆಯ ಸಲ ಎದ್ದಳು. ತಪ್ಪು ನಂದು ಅನ್ನುವ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಕಾಲೆಳೆಯುತ್ತ ಎದುರಿಗೆ ಬಂದು ತಲೆ ಬಗ್ಗಿಸಿ ನಿಂತುಬಿಟ್ಟಳು.

ಯಾಕೆ ಬಗ್ಗಿಸಿದಳು ಅಂತ ಅವನಿಗೆ ಒಂದು ಗಳಿಗೆ ತಿಳಿಯಲೇ ಇಲ್ಲ. ತಿಳಿದಾಗ ಓಡಿಹೋಗಬೇಕು ಅನ್ನಿಸಿತು. ಹೆಸರು ಹಿಡಿದು ಕರೆದನಲ್ಲ, ಇನ್ನು ಕೈ ಇಡಬೇಕಲ್ಲ. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ತಲೆ, ನಡುವಿನ ಬೈತಲೆ, ಕತ್ತಿನ ಹಿಂದೆ ಬೆವರಿನ ಹನಿ. ಪುಟ್ಟ ಹುಡುಗಿಯರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಅವನು ಹಣ್ಣಿನ ಚೀಲ ಎಡಗೈಗೆ ಬದಲಿಸಿ ಬಲಗೈ ಅವಳ ತಲೆಯ ಮೇಲೆ ಇಟ್ಟ. ಕ್ಷಮೆ ಕೇಳಲಿಕ್ಕೆ ಬಂದವನು ಬಹುಮಾನ ಕೊಟ್ಟ ಹಾಗಾಯಿತು, ಥೂ! ಅವಳು ಮುಖವೆತ್ತಿದಾಗ ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು. "ಇನ್ನಾ ಮಾತು ಬಿಟ್ಟೇ ಅದಾರ ಸರ್ ಅಂತ ಗೊತ್ತಿತ್ರಿ ನನಗ. ಕೈ ಇಟ್ಟಿದ್ದಿಲ್ಲಲ್ರಿ ಅವತ್ತ. ಅದಕ್ಕೇ ಕಾದೀನಿ. ಆಯಿಗಿ ತಿಳಿಯಂಗಿಲ್ರಿ ಇದೆಲ್ಲ." ತಾಯಿಯನ್ನು ಅವಳು ಆಯಿ ಅನ್ನುತ್ತಾಳೆ. "ಹೂಂ," ಅಂದ ಅವನು. "ನೋಡ್ರಿ ಸರ್ ನಮ್ಮ ಟೀಮು. ಇನ್ನೆರಡು ವರ್ಷಕ್ಕ ನಿಮ್ಮ ಕೈಯಾಗ ಕೊಡ್ತೇನಿ. ಕೂಡೋದು ಕಲ್ತಾರ, ಖೋ ಕೊಡೋದು ಕಲ್ತಾರ. ತಿರುಗೋದೇ ಇನ್ನಾ ಬರವಲ್ದು." ಅವಳು ಮಾತಾಡುತ್ತಲೇ ಇದ್ದಳು, ಅಷ್ಟು ದಿನದ ಮಾತು ಒಂದೇ ಸಲಕ್ಕೆ. ಮಾತಿನ ನಡುವೆ ದನಿ ಇಳಿಸಿ, ಗುಟ್ಟು ಹೇಳುವವಳ ಹಾಗೆ ಸಾಲಿನ ತುದಿಯ ಹುಡುಗಿಯ ಕಡೆ ಕಣ್ಣಲ್ಲೇ ತೋರಿಸಿದಳು: "ಅಕಿ ಜಾಹೇದಾ ಅಂತ್ರಿ, ಅಲ್ಲಿ, ಹಸರ ಫ್ರಾಕಿನಕಿ. ಭಾಳ ಛಂದ ಓಡ್ತಾಳ. ಅಕಿ ಸಂಗಟ ಮಾತು ಬಿಟ್ಟೀನಿ."

ಹಸಿರು ಫ್ರಾಕಿನ ಮಗು ಆಗಲೇ ಸಾಲಿನಿಂದ ಎದ್ದಿತ್ತು. ಒಂಟಿಗಾಲಲ್ಲಿ ಕುಪ್ಪಳಿಸುತ್ತ ಬಂದು ವಿಶಾಖಾಳ ಎದುರಿಗೆ ನಿಂತಿತು. ಆಟದಲ್ಲಿ ಎಡವಿ ಕಾಲಿನ ಹೆಬ್ಬೆರಳಿನ ಉಗುರು ಕಿತ್ತು ರಕ್ತ ಮಣ್ಣಿನಲ್ಲಿ ಕಲೆತಿತ್ತು. ಮಗುವಿನ ಗದ್ದ ನಡುಗುತ್ತಿತ್ತು, ಆದರೆ ಅದು ಬಾಯಿ ಬಿಡಲಿಲ್ಲ, ಅಕ್ಕನ ಮುಖವನ್ನೇ ನೋಡುತ್ತಿತ್ತು. ವಿಶಾಖಾ ಮುಖ ತಿರುಗಿಸಿದಳು. ಪಕ್ಕದ ಹುಡುಗಿಗೆ, "ಏ, ಏನಂತ ಕೇಳ ಅಕಿಗಿ," ಅಂದಳು. ಅಂದು, ಓರೆಗಣ್ಣಿಂದ ಗೋರಖನಾಥನನ್ನು ನೋಡಿದಳು, ಪಾಠ ಒಪ್ಪಿಸಿದ ಮಗು ಮಾಸ್ತರನನ್ನು ನೋಡುವ ಹಾಗೆ. ಛಂದ ಮಾಡಿದಿ ಅಂದರೆ ಸಾಕಿತ್ತು. ಅಂದು, ಚಹಾ ಕುಡಿದು, ಚಿಕ್ಕು ಕೊಟ್ಟು, ಬಸ್ಸು ಹಿಡಿಯಬಹುದಿತ್ತು. ಅವಳೂ ನಕ್ಕುಕೊಂಡೇ ಕಳಿಸುತ್ತಿದ್ದಳು, ಅವನನ್ನು ಕೇಳುವವರು ಯಾರೂ ಇರಲಿಲ್ಲ.

"ನೀ ಕೇಳವ್ವ," ಅಂದ.

"ಸರ್?"

"ನೀನೇ ಕೇಳು. ಅಕಿ ಬೆರಳಿಂದ ರಕ್ತ ಬರ್ಲತದ."

"ಅದು ನೋಡೀನ್ರಿ ಸರ್," ಅಂದಳು ವಿಶಾಖಾ, ಇದೇನು ಹೊಸದು ಹೇಳುತ್ತಾರೆ ಸರ್ ಅನ್ನುವ ಹಾಗೆ. "ಬರ್ಲತಿದ್ದಂಗೇ ನೋಡೀನಿ."

ಇದನ್ನೂ ಕಲಿತಿದ್ದಾಳೆ. ತಿರುವು ಕಲಿಸಿದ, ಕಂಬ ಹಿಡಿಯುವುದು ಕಲಿಸಿದ, ನೋಡಿಯೂ ಕೇಳದಿರುವುದನ್ನು ಅವನು ಕಲಿಸಲಿಲ್ಲ, ಅದನ್ನು ಅವಳು ತಾನಾಗಿ ಅವನಿಂದ ತೆಗೆದುಕೊಂಡಿದ್ದಾಳೆ. ಗೋರಖನಾಥನಿಗೆ ಬಸ್ಸಿನಲ್ಲಿ ಹೊಂದಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಬಾಯಿಂದ ಬಂದದ್ದು ಬೇರೆಯೇ: "ನಾನೂ ನೋಡಿದ್ದೆ."

"ಏನ್ರಿ ಸರ್?"

"ನಿನ್ನ ಮಂಡಿ. ಅವತ್ತ ಸಂಜಿಮುಂದ ನಾ ಸುಣ್ಣ ಹಾಕ್ಲತಿದ್ನಲ್ಲ, ನೀ ಬಂದು ನಿಂತಿದ್ದಿ. ಊದಿತ್ತು. ನಾ ನೋಡಿದ್ದೆ, ವಿಶಾಖಾ. ನೀ ಏನು ಹೇಳ್ಲಾಕ ಬಂದೀದಿ ಅಂತ ಗೊತ್ತಿತ್ತು ನನಗ."

ಅವಳ ನಗು ತಕ್ಷಣ ಹೋಗಲಿಲ್ಲ. ಮುಖದ ಮೇಲೇ ಸ್ವಲ್ಪ ಹೊತ್ತು ಹಾಗೇ ಉಳಿಯಿತು, ಅದನ್ನು ತೆಗೆಯುವುದು ಮರೆತವಳ ಹಾಗೆ. "ಇಲ್ರಿ," ಅಂದಳು. "ನಿಮಗ ಗೊತ್ತಿದ್ದಿಲ್ರಿ ಸರ್."

"ಗೊತ್ತಿತ್ತವ್ವ."

"ಇಲ್ಲ, ಇಲ್ಲ. ನಾ ಮುಚ್ಚಿಟ್ಟಿದ್ದೆ ರೀ. ನಿಮಗ ಗೊತ್ತಾಗ್ದಂಗ ನೆಟ್ಟಗ ನಡದು ಹೋಗಿದ್ದೆ. ಡಾಕ್ಟರಗ ಹಂಗೇ ಹೇಳೀನಿ, ಅಪ್ಪಗ ಹಂಗೇ ಹೇಳೀನಿ. ನಮ್ಮ ಮಾಮಾ ಸಾಲಿಗಿ ಬಂದು ನಿಮ್ಮ ಸಂಗಟ ಜಗಳಾಡ್ತೇನಿ ಅಂದಾಗ ಅವನ ಕಾಲು ಹಿಡ್ದೀನ್ರಿ ನಾ. ಸರ್‌ಗಿ ಏನೂ ಗೊತ್ತಿಲ್ಲ, ತಪ್ಪು ನಂದು ಅಂತ ಹೇಳೀನಿ. ಎಲ್ಲಾರಿಗೀ ಹೇಳೀನಿ!" ಅವಳ ದನಿ ಏರಿತು. "ಗೊತ್ತಿದ್ರ ನೀವು ಓಡಸ್ತಿದ್ದಿಲ್ಲ. ಗೊತ್ತಿದ್ರ ಹ್ಯಾಂಗ ಓಡಸ್ತಿದ್ರಿ?"

ಮೂರು ತಿಂಗಳು ಆಸ್ಪತ್ರೆಯಲ್ಲಿ, ಮನೆಯಲ್ಲಿ, ಬಂದವರ ಹೋದವರ ಮುಂದೆ ಅವಳು ಅವನನ್ನು ಕಾಪಾಡುತ್ತಿದ್ದಳು. ಅವನು ಸ್ಟಾಫ್ ರೂಮಿನಲ್ಲಿ ಅಡಗಿ ಕೂತಾಗ ಈ ಹುಡುಗಿ ಇಲ್ಲಿ, ಮುರಿದ ಕಾಲಿನ ಮೇಲೆ ನಿಂತು, ಅವನ ಮಾನ ಕಾಯುತ್ತಿದ್ದಳು. ಅವನು, "ತಪ್ಪು ನಂದವ್ವ," ಅಂದ. ಆ ಮಾತು ಈಗ ಯಾವ ಕೆಲಸಕ್ಕೂ ಬಾರದ್ದು ಅಂತ ಅನ್ನುವಾಗಲೇ ತಿಳಿಯಿತು. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದಳು, ಸುಳ್ಳು ಅಂದ್ರಿ ಹೌದಲ್ರಿ, ನನ್ನ ಸಮಾಧಾನಕ್ಕ ಅಂದ್ರಿ ಹೌದಲ್ರಿ ಅನ್ನುವ ಹಾಗೆ. ಸಿಗಲಿಲ್ಲ. ಅವಳು ಹಿಂದಕ್ಕೆ ಕೈ ಚಾಚಿ ಕುರ್ಚಿ ಹುಡುಕಿಕೊಂಡು ಕೂತಳು. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಕಲ್ಲಿನ ಮೇಲಿಟ್ಟಳು. ಹುಡುಗಿಯರ ಸಾಲು ತನ್ನಷ್ಟಕ್ಕೆ ಕದಡಿತು, ಯಾರೋ ಒಬ್ಬಳು ನಕ್ಕಳು, ಇನ್ನೊಬ್ಬಳು ಅವಳ ಬಾಯಿ ಮುಚ್ಚಿದಳು.

"ಜಾಹೇದಾ, ಬಾ ಇಲ್ಲಿ," ಅಂದಳು ವಿಶಾಖಾ. ಮಗು ನಂಬಲಿಲ್ಲ, ಅಲ್ಲೇ ನಿಂತಿತು. "ಬಾರೇ, ನಿನಗೇ ಕರೀಲತೇನಿ." ಬಂದಿತು. ವಿಶಾಖಾ ಆ ಪುಟ್ಟ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ನೀರಿನ ಬಾಟಲಿ ಓರೆ ಮಾಡಿ, ಮಣ್ಣು ತೊಳೆದಳು, ದುಪಟ್ಟಾದ ತುದಿಯಿಂದ ಒರೆಸಿದಳು. "ಬ್ಯಾನಿ ಆಗ್ಲತದೇನ?" ಅಂದಳು. "ಹೂಂ ಅಕ್ಕಾ, ಭಾಳ," ಅಂದು ಮಗು ಒಮ್ಮೆಲೇ ಜೋರಾಗಿ ಅಳತೊಡಗಿತು. ಅದರ ಅಳು ಕೇಳಿ ವಿಶಾಖಾಳೂ ಅತ್ತಳು, ಮಗುವಿನ ಪಾದದ ಮೇಲೆ ಮುಖ ಬಾಗಿಸಿ, ಬೆನ್ನು ಅಲುಗುವ ಹಾಗೆ. ಗೋರಖನಾಥ ಒಂದು ಹೆಜ್ಜೆ ಮುಂದಿಟ್ಟ. ಅವಳು ತಲೆಯೆತ್ತಲಿಲ್ಲ, ಅವನು ಮುಂದೆ ಹೋಗಲಿಲ್ಲ.

ಕೌಸಲ್ಯಾಬಾಯಿ ತಾಟಿನಲ್ಲಿ ಚಹಾ ಇಟ್ಟುಕೊಂಡು ಬಂದವಳು ಬಾಗಿಲಲ್ಲೇ ನಿಂತಳು. "ಏನಾತ್ರಿ ಸರ್? ಏನಂದ್ರಿ ಅಕಿಗಿ? ದವಾಖಾನ್ಯಾಗ ಸುದಾ ಅತ್ತಿದ್ದಿಲ್ಲಲ್ರಿ ಅಕಿ!" ತಾಟನ್ನು ಕಟ್ಟೆಯ ಮೇಲೆ ಇಟ್ಟು ಮಗಳ ಹತ್ತಿರ ಓಡಿದಳು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆತ್ತಿದಳು. "ಏನಂದ್ರು ಬೇಟಾ? ಹೇಳು. ಬೈದ್ರೇನು?" ಹೇಳಲಿ ಅಂತ ಗೋರಖನಾಥ ನಿಂತ. ಎಲ್ಲರೆದುರು ಹೇಳಲಿ, ತಾಯಿ ಎದ್ದು ಬಂದು ಅಂಗಿ ಹಿಡಿಯಲಿ, ಓಣಿಯೆಲ್ಲ ಕೂಡಲಿ.

"ಏನೂ ಅಂದಿಲ್ಲ," ಅಂದಳು ವಿಶಾಖಾ. ಮೂಗು ಒರೆಸಿಕೊಂಡಳು. ಅವನ ಕಡೆ ನೋಡಲಿಲ್ಲ. "ಕಾಲು ಬ್ಯಾನಿ ಆಗ್ಲತದ ಆಯಿ. ಅವತ್ತಿಂದ ಆಗ್ಲತದ. ಭಾಳ ಬ್ಯಾನಿ ಆಗ್ಲತದ." ತಾಯಿಯ ಹೊಟ್ಟೆಗೆ ಮುಖ ಒತ್ತಿಕೊಂಡು ಅದನ್ನೇ ಮತ್ತೆ ಮತ್ತೆ ಹೇಳಿದಳು.